ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ: ತಯಾರಿ ಕಾಲಿನಿಂದ ಶುರುವಾಗಲಿ

ಶಿವರಾತ್ರಿ ಹತ್ತಿರ ಬಂತೆಂದರೆ ನೆಲಮಂಗಲದಿಂದ ಹಾಸನದ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ ನಡೆಯುವವರ ಸಾಲು ಕಾಣಿಸುತ್ತದೆ. ಹೆಗಲಿಗೆ ಬ್ಯಾಗು, ತಲೆಗೆ ಟವೆಲು. ಕೆಲವರ ಕಾಲಲ್ಲಿ ಚಪ್ಪಲಿಯೂ ಇರುವುದಿಲ್ಲ. ಎಲ್ಲರೂ ಧರ್ಮಸ್ಥಳಕ್ಕೆ ಹೊರಟವರು. ಹರಕೆ ಹೊತ್ತವರಿದ್ದಾರೆ, ಮನಸ್ಸಿನ ಸಮಾಧಾನಕ್ಕೆ ನಡೆಯುವವರಿದ್ದಾರೆ, ಗೆಳೆಯರು ಕರೆದರು ಅಂತ ಸುಮ್ನೆ ಹೊರಟವರೂ ಇದ್ದಾರೆ. ಕಾರಣ ಯಾವುದೇ ಇರಲಿ, ಮೂರನೇ ದಿನದ ಹೊತ್ತಿಗೆ ಎಲ್ಲರೂ ಒಂದೇ ವಿಷಯ ಮಾತಾಡುತ್ತಿರುತ್ತಾರೆ. ಅದು ಕಾಲು.

ನಾನು ಮೊದಲ ಸಲ ಹೊರಟಾಗ ಹೊರಡುವ ಹಿಂದಿನ ದಿನ ಹೊಸ ಶೂ ತಂದಿದ್ದೆ. ಕುಣಿಗಲ್ ಮುಟ್ಟುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಒಡೆದು, ಸಾಕ್ಸು ಅಂಟಿಕೊಂಡಿತ್ತು. ಅಲ್ಲಿ ಒಂದು ಮರದ ಕೆಳಗೆ ಕೂತಿದ್ದಾಗ ಚನ್ನರಾಯಪಟ್ಟಣ ಕಡೆಯ ಹಿರಿಯರೊಬ್ಬರು ಹತ್ತಿರ ಬಂದು ಕೂತರು. ನಾನು ಕೇಳಿದ್ದು ಊಟಕ್ಕೆ ಇನ್ನೆಷ್ಟು ದೂರ ಅಂತ. ಅವರು, "ಹೊಟ್ಟೆ ವಿಚಾರ ಆಮೇಲೆ ನೋಡಣ, ಮೊದ್ಲು ಕಾಲು ತೋರ್ಸಪ್ಪ" ಅಂದರು. ಆ ಸಲ ನನ್ನನ್ನು ಧರ್ಮಸ್ಥಳ ಮುಟ್ಟಿಸಿದ್ದು ಅವರೇ. ಪ್ರತಿ ಗಂಟೆಗೊಮ್ಮೆ ನಿಲ್ಲಿಸಿ, ತಂಡದ ಎಲ್ಲರ ಶೂ ಬಿಚ್ಚಿಸಿ ಕಾಲು ನೋಡುತ್ತಿದ್ದರು. ಈ ಲೇಖನದಲ್ಲಿ ಇರುವುದರಲ್ಲಿ ಅರ್ಧದಷ್ಟು ಅವರಿಂದ ಕಲಿತದ್ದು. ಉಳಿದದ್ದು ಆಮೇಲಿನ ನಡಿಗೆಗಳಲ್ಲಿ ಕಾಲೇ ಕಲಿಸಿತು.

ಮೊದಲು ದಿನಗಳ ಲೆಕ್ಕ

ಬೆಂಗಳೂರಿನಿಂದ ಹಾಸನ ಸುಮಾರು 185 ಕಿಲೋಮೀಟರ್. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ಹಾದು ಧರ್ಮಸ್ಥಳಕ್ಕೆ ಇನ್ನೂ ಸುಮಾರು 140. ಅಂದರೆ ಒಟ್ಟು 300 ದಾಟುತ್ತದೆ. ದಿನಕ್ಕೆ 40 ಕಿಲೋಮೀಟರ್ ನಡೆದು ಎಂಟು ದಿನದಲ್ಲಿ ಮುಗಿಸುವ ತಂಡಗಳಿವೆ. ಅವರು ವರ್ಷಾವರ್ಷ ನಡೆದವರು. ಅವರ ಲೆಕ್ಕ ನಿಮ್ಮದಾಗಬಾರದು.

ಮೊದಲ ಸಲದವರಿಗೆ ದಿನಕ್ಕೆ 25 ಕಿಲೋಮೀಟರ್ ಸಾಕು. ತೀರಾ ಅಂದರೆ 28. ಹಾಗೆ ನೋಡಿದರೆ ಬೆಂಗಳೂರಿನಿಂದ 13 ದಿನ ಬೇಕು. ಅಷ್ಟು ರಜೆ ಯಾರಿಗೆ ಸಿಗುತ್ತದೆ ಅಂತ ನೀವು ಕೇಳಬಹುದು. ನಿಜ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಮೊದಲ ಸಲ ಹಾಸನದಿಂದ ಶುರು ಮಾಡಿ. ಬಸ್ಸಿನಲ್ಲಿ ಹಾಸನಕ್ಕೆ ಬಂದು, ರಾತ್ರಿ ನಿದ್ದೆ ಮಾಡಿ, ಬೆಳಗಿನ ಜಾವ ಬೇಲೂರು ರಸ್ತೆ ಹಿಡಿಯಿರಿ. ಆರು ದಿನದಲ್ಲಿ ಮುಗಿಯುತ್ತದೆ. ದಾರಿಯ ಚಂದದ ಭಾಗವೂ ಇದೇ. ಇದರಿಂದ ಹರಕೆಗೆ ಏನಾದರೂ ಕಮ್ಮಿಯಾಯಿತು ಅಂತ ನನಗೆ ಅನಿಸುವುದಿಲ್ಲ. ಅರ್ಧ ದಾರಿಯಲ್ಲಿ ಆಸ್ಪತ್ರೆ ಸೇರುವುದಕ್ಕಿಂತ 140 ಕಿಲೋಮೀಟರನ್ನು ಸಮಾಧಾನವಾಗಿ ನಡೆಯುವುದು ಮೇಲು.

ಲೆಕ್ಕವನ್ನು ಶಿವರಾತ್ರಿಯಿಂದ ಹಿಂದಕ್ಕೆ ಹಾಕಿ. ಹಬ್ಬದ ಹಿಂದಿನ ದಿನವೇ ತಲುಪುವ ಹಾಗೆ ಇಟ್ಟುಕೊಳ್ಳಿ. ಹಬ್ಬದ ದಿನ ಉಜಿರೆಯಿಂದ ಆಚೆ ರಸ್ತೆ ತುಂಬಾ ಜನ, ವಾಹನ. ನಡುವೆ ಒಂದು ದಿನವನ್ನು ಖಾಲಿ ಬಿಡಿ. ಆ ದಿನಕ್ಕೆ ಯಾವ ಊರೂ ಬರೆಯಬೇಡಿ. ಜ್ವರ, ಬೊಬ್ಬೆ, ಹೊಟ್ಟೆ ಕೆಟ್ಟದ್ದು, ಏನಾದರೂ ಒಂದು ಆ ದಿನವನ್ನು ಕೇಳುತ್ತದೆ. ಕೇಳದಿದ್ದರೆ ಒಂದು ದಿನ ಮೊದಲೇ ಹೋಗಿ ಆರಾಮಾಗಿ ದರ್ಶನ ಮಾಡಬಹುದು, ಅಲ್ವಾ?

ಇನ್ನೊಂದು ಲೆಕ್ಕ ಹೆಚ್ಚಿನವರು ಹಾಕುವುದಿಲ್ಲ. ಅದು ಬೆಳದಿಂಗಳ ಲೆಕ್ಕ. ಶಿವರಾತ್ರಿ ಬರುವುದು ಮಾಘ ಬಹುಳ ಚತುರ್ದಶಿಗೆ. ಮಾರನೇ ದಿನ ಅಮಾವಾಸ್ಯೆ. ಬೆಂಗಳೂರಿನಿಂದ ಹೊರಡುವವರು ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಹೊರಡುತ್ತಾರೆ. ಆಗ ಬೆಳಗಿನ ಜಾವ ನಾಲ್ಕಕ್ಕೆ ತಲೆ ಮೇಲೆ ಒಳ್ಳೇ ಚಂದ್ರ ಇರುತ್ತಾನೆ, ಟಾರ್ಚೇ ಬೇಡ ಅನಿಸುತ್ತದೆ. ದಿನ ಕಳೆದ ಹಾಗೆ ಬೆಳಕು ಕರಗುತ್ತದೆ. ಕೊಟ್ಟಿಗೆಹಾರ ಮುಟ್ಟಿ ಘಾಟಿ ಇಳಿಯುವ ದಿನಕ್ಕೆ ಸರಿಯಾಗಿ ಕಗ್ಗತ್ತಲೆ. ಅಂದರೆ ಬಯಲಿನಲ್ಲಿ ಬೆಳಕು, ಕಾಡಿನಲ್ಲಿ ಕತ್ತಲೆ. ಟಾರ್ಚಿನ ಬ್ಯಾಟರಿಯನ್ನು ಕೊನೆಯ ದಿನಗಳಿಗೆ ಉಳಿಸಿ.

ಯಾವ ದಾರಿ

ಹಾಸನದಿಂದ ಎರಡು ದಾರಿ ಇವೆ. ಒಂದು ಸಕಲೇಶಪುರ, ಮಾರನಹಳ್ಳಿ, ಗುಂಡ್ಯ ಹಾದು ಶಿರಾಡಿ ಘಾಟಿಯಲ್ಲಿ ಇಳಿದು, ಪೆರಿಯಶಾಂತಿಯಲ್ಲಿ ಕೊಕ್ಕಡದ ಕಡೆ ತಿರುಗುವುದು. ಇನ್ನೊಂದು ಬೇಲೂರು, ಮೂಡಿಗೆರೆ ಮೇಲೆ ಚಾರ್ಮಾಡಿ. ಶಿರಾಡಿ ಕಡೆ ದೂರ ಸ್ವಲ್ಪ ಕಮ್ಮಿ. ಆದರೆ ಅದು ಬೆಂಗಳೂರು–ಮಂಗಳೂರು ಮುಖ್ಯ ಹೆದ್ದಾರಿ. ಹಗಲು ರಾತ್ರಿ ಲಾರಿ, ಟ್ಯಾಂಕರು, ಬಸ್ಸು. ನನ್ನ ಮಟ್ಟಿಗೆ ಚಾರ್ಮಾಡಿಯೇ ಸರಿ. ರಸ್ತೆ ಕಿರಿದು, ತಿರುವು ಜಾಸ್ತಿ, ಆದರೂ ದೊಡ್ಡ ಲಾರಿಗಳ ಕಾಟ ಕಮ್ಮಿ. ನಡೆಯುವವರು ಹೆಚ್ಚು ಇರುವುದರಿಂದ ಮಜ್ಜಿಗೆ, ಪಾನಕ, ಊಟ ಕೊಡುವ ಸೇವೆಯ ಪೆಂಡಾಲುಗಳೂ ಸಿಗುತ್ತವೆ.

ದಾರಿಯ ಊರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಮಾತ್ರ ಇದ್ದರೆ ಸಾಲದು. ಬೆಂಗಳೂರಿನಿಂದ ಆದರೆ ನೆಲಮಂಗಲ, ಸೋಲೂರು, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಶಾಂತಿಗ್ರಾಮ, ಹಾಸನ. ಪ್ರತಿ ಊರಿನ ಎದುರು ಮುಂದಿನ ಊರಿಗೆ ಎಷ್ಟು ದೂರ, ರಾತ್ರಿ ಎಲ್ಲಿ ಮಲಗಬಹುದು ಅಂತ ಬರೆಯಿರಿ. ಯಡಿಯೂರಿನ ಸಿದ್ಧಲಿಂಗೇಶ್ವರ ದೇವಸ್ಥಾನದಂಥ ಕಡೆ ನಡೆದು ಬಂದವರಿಗೆ ಪ್ರಸಾದ ಸಿಗುತ್ತದೆ. ಉಳಿದ ಕಡೆ ಛತ್ರ, ಶಾಲೆಯ ಜಗುಲಿ, ಸಮುದಾಯ ಭವನ, ಕಲ್ಯಾಣ ಮಂಟಪ. ಇವಕ್ಕೆಲ್ಲ ಒಂದು ವಾರ ಮೊದಲೇ ಫೋನು ಮಾಡಿ ಕೇಳಿ. ಹತ್ತು ಜನ ರಾತ್ರಿ ಏಳಕ್ಕೆ ಹೋಗಿ ಬಾಗಿಲು ತಟ್ಟಿದರೆ ಯಾರಿಗಾದರೂ ಕಷ್ಟವೇ.

ಮ್ಯಾಪು ತೋರಿಸುವ ನಡಿಗೆಯ ಸಮಯವನ್ನು ನಂಬಿಕೊಳ್ಳಬೇಡಿ. ಅದು ಎಲ್ಲೂ ನಿಲ್ಲದೆ ನಡೆದವರ ಲೆಕ್ಕ. ಬ್ಯಾಗು ಹೊತ್ತು, ನೀರು ಕುಡಿಯಲು ನಿಂತು, ಶೂ ಬಿಚ್ಚಿ ಕಟ್ಟಿ ನಡೆದರೆ ಗಂಟೆಗೆ ಮೂರೂವರೆ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. 25 ಕಿಲೋಮೀಟರಿಗೆ ಏಳು ಗಂಟೆ.

ಎರಡು ತಿಂಗಳ ಮೊದಲು: ನಡೆಯುವ ಅಭ್ಯಾಸ

ದಿನಾ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ, ನನಗೇನು ಆಗುವುದಿಲ್ಲ ಅನ್ನುವವರನ್ನು ತುಂಬಾ ನೋಡಿದ್ದೇನೆ. ಉಸಿರು ಅವರಿಗೆ ಕೈಕೊಡುವುದಿಲ್ಲ. ಕೈಕೊಡುವುದು ಪಾದದ ಚರ್ಮ, ಮೊಣಕಾಲು ಮತ್ತು ಸೊಂಟ. ಇವು ಮೂರೂ ನಿಧಾನವಾಗಿ ಗಟ್ಟಿಯಾಗುವಂಥವು.

ಎಂಟು ವಾರ ಇಟ್ಟುಕೊಳ್ಳಿ. ಮೊದಲ ವಾರ ವಾರಕ್ಕೆ ನಾಲ್ಕು ದಿನ ಐದೈದು ಕಿಲೋಮೀಟರ್ ಸಾಕು. ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಭಾನುವಾರದ ನಡಿಗೆ ಉದ್ದ ಇರಲಿ: ಮೊದಲು 8, ಆಮೇಲೆ 10, 12, 15, ಆರನೇ ವಾರಕ್ಕೆ 20. ಏಳನೇ ವಾರ ಬಹಳ ಮುಖ್ಯ. ಆಗ ಶನಿವಾರ 20, ಭಾನುವಾರ ಮತ್ತೆ 20 ನಡೆಯಿರಿ. ಒಂದು ದಿನ 20 ನಡೆಯುವುದು ಯಾರಿಗೂ ಆಗುತ್ತದೆ. ನಿನ್ನೆಯ ನೋವು ಕಾಲಲ್ಲಿ ಇರುವಾಗಲೇ ಎದ್ದು ಮತ್ತೆ ನಡೆಯುವುದಿದೆಯಲ್ಲ, ಧರ್ಮಸ್ಥಳದ ದಾರಿ ಅಂದರೆ ಅದೇ. ಅದನ್ನು ಮನೆ ಹತ್ತಿರವೇ ಒಮ್ಮೆ ನೋಡಿಬಿಡಿ. ಎಂಟನೇ ವಾರ ಕಾಲಿಗೆ ಬಿಡುವು ಕೊಡಿ. ಮೂರು ನಾಲ್ಕು ಕಿಲೋಮೀಟರಿಗಿಂತ ಜಾಸ್ತಿ ಬೇಡ.

ಅಭ್ಯಾಸವನ್ನು ಟಾರು ರಸ್ತೆಯ ಮೇಲೆ ಮಾಡಿ. ದಾರಿ ಪೂರ್ತಿ ಇರುವುದು ಟಾರು, ಕಾಂಕ್ರೀಟು. ಮಣ್ಣಿನ ಮೇಲೆ ಅಭ್ಯಾಸ ಮಾಡಿದ ಕಾಲಿಗೆ ಅದು ಬೇರೆಯೇ ಅನಿಸುತ್ತದೆ. ನಾಲ್ಕನೇ ವಾರದಿಂದ ಬ್ಯಾಗು ಹೊತ್ತು ನಡೆಯಿರಿ. ಮೊದಲು ಎರಡು ನೀರಿನ ಬಾಟಲು, ಆಮೇಲೆ ನಿಜವಾದ ಭಾರ. ಹೊರಡುವ ದಿನ ಯಾವ ಶೂ, ಯಾವ ಸಾಕ್ಸು ಹಾಕುತ್ತೀರೋ ಅದನ್ನೇ ಹಾಕಿ. ಮನೆಯಲ್ಲಿ ಮೆಟ್ಟಿಲು ಇದ್ದರೆ ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಜಾಸ್ತಿ ಮಾಡಿ. ಘಾಟಿಯಲ್ಲಿ ನೀವು ಇಳಿಯುವವರು, ಹತ್ತುವವರಲ್ಲ.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರು ಈಗಲೇ ಡಾಕ್ಟರನ್ನು ಕಂಡು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಗಾಯ ಗೊತ್ತೇ ಆಗದೆ ದೊಡ್ಡದಾಗಬಹುದು. ಬರಿಗಾಲ ಹರಕೆ ಅವರಿಗೆ ಬೇಡ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಟೆಟನಸ್ ಇಂಜೆಕ್ಷನ್ ತೆಗೆದುಕೊಂಡು ವರ್ಷಗಳಾಗಿದ್ದರೆ ಅದನ್ನೂ ವಿಚಾರಿಸಿ.

ಕಾಲಿಗೆ ಏನು

ಶೂ ತರಲು ಸಂಜೆ ಹೋಗಿ. ಬೆಳಗ್ಗೆಯಿಂದ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ನಡಿಗೆಯಲ್ಲಿ ಇನ್ನೂ ಊದುತ್ತದೆ. ನಿಮ್ಮ ಎಂದಿನ ಅಳತೆಗಿಂತ ಅರ್ಧ ಅಥವಾ ಒಂದು ಸೈಜು ದೊಡ್ಡದು ತೆಗೆದುಕೊಳ್ಳಿ. ಸಾಕ್ಸು ಹಾಕಿ ನಿಂತಾಗ ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗ ಇರಬೇಕು. ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಬೆಟ್ಟ ಹತ್ತುವ ಭಾರದ ಬೂಟು ಈ ದಾರಿಗೆ ಬೇಡವೇ ಬೇಡ. ಹಗುರ, ಮೆತ್ತಗಿನ ಅಡಿ ಇರುವ ಓಡುವ ಶೂ ಸಾಕು. ತಂದ ಮೇಲೆ ಕನಿಷ್ಠ 100 ಕಿಲೋಮೀಟರ್ ಅದರಲ್ಲಿ ನಡೆದಿರಬೇಕು. ಎಂಟು ವಾರದ ಅಭ್ಯಾಸದಲ್ಲಿ ಅದು ತಾನಾಗೇ ಆಗುತ್ತದೆ.

ಜೊತೆಗೆ ಹಿಂದೆ ಪಟ್ಟಿ ಇರುವ ಒಂದು ಸ್ಯಾಂಡಲ್ ಇರಲಿ. ಇದು ಸಂಜೆ ಹಾಕಿಕೊಳ್ಳಲಿಕ್ಕೆ ಮಾತ್ರ ಅಲ್ಲ. ಶೂ ಒಂದು ಜಾಗದಲ್ಲಿ ಉಜ್ಜಿದರೆ ಸ್ಯಾಂಡಲ್ ಬೇರೆ ಜಾಗದಲ್ಲಿ ಉಜ್ಜುತ್ತದೆ. ದಿನದಲ್ಲಿ ಒಮ್ಮೆ ಬದಲಿಸಿದರೆ ಎರಡೂ ಜಾಗಕ್ಕೆ ಬಿಡುವು ಸಿಗುತ್ತದೆ. ಹವಾಯಿ ಚಪ್ಪಲಿಯಲ್ಲಿ ದೂರ ನಡೆಯಬೇಡಿ. ಅದು ಜಾರದ ಹಾಗೆ ಬೆರಳು ಹಿಡಿದು ಹಿಡಿದು ಮೀನಖಂಡ ಬಿಗಿಯುತ್ತದೆ.

ಸಾಕ್ಸು ಮೂರು ಜೊತೆ. ಪೂರ್ತಿ ಹತ್ತಿಯದ್ದು ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತದೆ, ಒದ್ದೆ ಚರ್ಮ ಬೇಗ ಬೊಬ್ಬೆ ಏಳುತ್ತದೆ. ಆಟದ ಸಾಮಾನಿನ ಅಂಗಡಿಯಲ್ಲಿ ಬೇಗ ಒಣಗುವ ಸಾಕ್ಸು ಸಿಗುತ್ತದೆ. ಒಂದು ಕಾಲಲ್ಲಿ, ಒಂದು ಬ್ಯಾಗಿನ ಹಿಂದೆ ಪಿನ್ನು ಹಾಕಿ ಒಣಗಲಿಕ್ಕೆ, ಒಂದು ಒಣಗಿದ್ದು ಒಳಗೆ.

ಉಗುರನ್ನು ಹೊರಡುವ ಎರಡು ಮೂರು ದಿನ ಮೊದಲು ನೇರವಾಗಿ ಕತ್ತರಿಸಿ, ಮೂಲೆ ಕೆತ್ತಬೇಡಿ. ಉದ್ದ ಉಗುರು ಇಳಿಜಾರಿನಲ್ಲಿ ಶೂವಿನ ಮುಂದಕ್ಕೆ ಗುದ್ದಿ ಗುದ್ದಿ ಕಪ್ಪಾಗುತ್ತದೆ.

ಬರಿಗಾಲಲ್ಲೇ ನಡೆಯುತ್ತೇವೆ ಎಂದು ಹರಕೆ ಹೊತ್ತವರಿಗೆ ಎರಡು ಮಾತು. ಎರಡು ತಿಂಗಳಿನಿಂದ ದಿನಾ ಬರಿಗಾಲಲ್ಲಿ ನಡೆದು ಪಾದ ಗಟ್ಟಿ ಮಾಡಿಕೊಳ್ಳಿ. ಫೆಬ್ರವರಿ, ಮಾರ್ಚಿನ ಟಾರು ಬೆಳಗ್ಗೆ ಹತ್ತೂವರೆ, ಹನ್ನೊಂದರ ಮೇಲೆ ಸುಡುತ್ತದೆ. ಅಷ್ಟರೊಳಗೆ ನಡಿಗೆ ನಿಲ್ಲಿಸಿ. ರಸ್ತೆ ಪಕ್ಕದ ಮಣ್ಣಿನಲ್ಲಿ ನಡೆದರೆ ತಂಪು ಇರುತ್ತದೆ, ಆದರೆ ಗಾಜಿನ ಚೂರು, ತಂತಿ, ಮುಳ್ಳೂ ಇರುತ್ತವೆ. ಹಾಗಾಗಿ ಬೆಳಕು ಬಂದ ಮೇಲೆ ಮಾತ್ರ ಮಣ್ಣಿಗೆ ಇಳಿಯಿರಿ. ಬ್ಯಾಗಿನಲ್ಲಿ ಒಂದು ಜೊತೆ ಚಪ್ಪಲಿ ಇಟ್ಟುಕೊಂಡರೆ ಹರಕೆ ಮುರಿದ ಹಾಗಲ್ಲ. ಗಾಯವಾದ ದಿನ ಅದು ಬೇಕಾಗುತ್ತದೆ.

ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ನನ್ನ ನಿಯಮ ಒಂದೇ: ನೀರು ಸೇರಿ ಬ್ಯಾಗಿನ ತೂಕ ನಿಮ್ಮ ತೂಕದ ಹತ್ತನೇ ಒಂದು ಭಾಗ ದಾಟಬಾರದು. 60 ಕೆಜಿ ಇದ್ದವರಿಗೆ ಆರು ಕೆಜಿ. ನೀರೇ ಎರಡು ಕೆಜಿ ತಿನ್ನುತ್ತದೆ. ಉಳಿಯುವುದು ನಾಲ್ಕು. ಹೊರಡುವ ಮೊದಲು ತೂಕದ ಯಂತ್ರದ ಮೇಲೆ ಬ್ಯಾಗು ಇಟ್ಟು ನೋಡಿ. ಅಂದಾಜು ಸಾಲದು.

ತಂಡದ ಜೊತೆ ಟೆಂಪೊ ಬರುತ್ತದೆ, ಅಡುಗೆಯವರು, ಗ್ಯಾಸು, ಹಾಸಿಗೆ ಎಲ್ಲ ಅದರಲ್ಲೇ ಅಂದರೆ ನಿಮ್ಮ ಪುಣ್ಯ. ಆಗ ಹೆಗಲಿಗೆ ಒಂದು ಸಣ್ಣ ಚೀಲ ಸಾಕು. ಆದರೂ ನೀರು, ಔಷಧಿ, ದುಡ್ಡು, ಟಾರ್ಚು ಮಾತ್ರ ಯಾವಾಗಲೂ ನಿಮ್ಮ ಹತ್ತಿರವೇ ಇರಲಿ. ಟೆಂಪೊ ಹತ್ತು ಕಿಲೋಮೀಟರ್ ಮುಂದೆ ಹೋಗಿ ನಿಂತಿರುತ್ತದೆ. ನಿಮಗೆ ಬೇಕಾಗುವುದು ಇಲ್ಲಿ.

ಬ್ಯಾಗು 30 ಲೀಟರಿನ ಒಳಗೇ ಇರಲಿ, ಸೊಂಟಕ್ಕೆ ಕಟ್ಟುವ ಪಟ್ಟಿ ಇರಲಿ. ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿದರೆ ಭಾರ ಹೆಗಲಿನಿಂದ ಇಳಿಯುತ್ತದೆ. ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರು ಹಾಕಿ ಅದರೊಳಗೆ ಬಟ್ಟೆ ತುಂಬಿ. ಬೆವರಿಗೂ ಇಬ್ಬನಿಗೂ ಬಟ್ಟೆ ಒದ್ದೆಯಾಗುವುದಿಲ್ಲ.

ಬಟ್ಟೆ ಹಾಕಿಕೊಂಡದ್ದಲ್ಲದೆ ಇನ್ನೊಂದೇ ಜೊತೆ. ದಿನಾ ಮಧ್ಯಾಹ್ನ ನಿಂತಲ್ಲಿ ಹಿಂಡಿ ಹಾಕಿದರೆ ನಾಲ್ಕಕ್ಕೆ ಒಣಗಿರುತ್ತದೆ. ಜೀನ್ಸ್ ಬೇಡ. ಒಂದು ತೆಳು ಪಂಚೆ ಅಥವಾ ಲುಂಗಿ ಇದ್ದರೆ ಅದೇ ಹೊದಿಕೆ, ಅದೇ ಸ್ನಾನಕ್ಕೆ, ಅದೇ ಬಿಸಿಲಿಗೆ ತಲೆ ಮೇಲೆ. ಹೆಂಗಸರಿಗೆ ಸಡಿಲವಾದ ಚೂಡಿದಾರ್ ಅನುಕೂಲ. ಹಾಸನದಿಂದ ಮೂಡಿಗೆರೆವರೆಗೆ ಬೆಳಗಿನ ಜಾವ ಚೆನ್ನಾಗಿ ಚಳಿ ಇರುತ್ತದೆ. ಒಂದು ಸ್ವೆಟರು ಮತ್ತು ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಮಲಗಲು ಒಂದು ತೆಳು ಚಾಪೆ, ಒಂದು ಬೆಡ್‌ಶೀಟು.

ಹಣೆಗೆ ಕಟ್ಟುವ ಟಾರ್ಚು ಕೈಯಲ್ಲಿ ಹಿಡಿಯುವುದಕ್ಕಿಂತ ಮೇಲು. ಕೈ ಖಾಲಿ ಇರುತ್ತದೆ. ಅದಕ್ಕಿಂತ ಮುಖ್ಯ ಬೆಳಕಿಗೆ ಹೊಳೆಯುವ ಪಟ್ಟಿಯ ಜಾಕೆಟ್ಟು. ರಸ್ತೆ ಕೆಲಸದವರು ಹಾಕುವಂಥದ್ದು, ಕಡಿಮೆ ಬೆಲೆಗೆ ಸಿಗುತ್ತದೆ. ಇಡೀ ಪಟ್ಟಿಯಲ್ಲಿ ಜೀವ ಉಳಿಸುವ ಸಾಮಾನು ಯಾವುದು ಅಂದರೆ ಇದೇ. ದಯವಿಟ್ಟು ಪ್ರತಿಯೊಬ್ಬರಿಗೂ ಒಂದೊಂದು ಕೊಳ್ಳಿ.

ಔಷಧಿ ಡಬ್ಬಿಯಲ್ಲಿ ಓಆರ್‌ಎಸ್ ಪುಡಿ, ಬೆಟಾಡಿನ್ ಮುಲಾಮು, ಹತ್ತಿ, ಕಾಗದದ ಟೇಪು, ಬ್ಯಾಂಡೇಜು, ಸೂಜಿ, ಸಣ್ಣ ಕತ್ತರಿ, ವ್ಯಾಸಲೀನ್, ಜ್ವರದ ಮಾತ್ರೆ, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ. ದಿನದ ಮಾತ್ರೆಯನ್ನು ಎರಡು ಕಡೆ ಹಂಚಿ ಇಡಿ. ನೋವಿನ ಮಾತ್ರೆ ನುಂಗಿಕೊಂಡು ನಡೆಯುವ ಅಭ್ಯಾಸ ಬೇಡ. ನೋವು ಮುಚ್ಚಿದರೆ ಕಾಲು ಹೇಳುವುದು ನಿಮಗೆ ಕೇಳಿಸುವುದಿಲ್ಲ. ಬಿಸಿಲಲ್ಲಿ ನೀರು ಕಮ್ಮಿಯಾದ ಮೈಗೆ ಕೆಲವು ನೋವಿನ ಮಾತ್ರೆಗಳು ಕಿಡ್ನಿಗೂ ಕೆಟ್ಟದ್ದು.

ಇನ್ನು ಒಂದು ಸ್ಟೀಲ್ ತಟ್ಟೆ, ಒಂದು ಲೋಟ. ಸೇವೆಯ ಪೆಂಡಾಲುಗಳಿಂದ ಮುಂದೆ ಒಂದು ಫರ್ಲಾಂಗಿನವರೆಗೆ ರಸ್ತೆ ಬದಿಯಲ್ಲಿ ಬಿದ್ದಿರುವ ಲೋಟ, ತಟ್ಟೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಚಾರ್ಮಾಡಿಯಲ್ಲಂತೂ ಅದು ನೇರ ಕಾಡಿಗೆ, ಹಳ್ಳಕ್ಕೆ ಹೋಗುತ್ತದೆ. ನಿಮ್ಮ ಲೋಟ ನೀವೇ ಒಯ್ದರೆ ಮಜ್ಜಿಗೆ ಕೊಡುವವರಿಗೂ ಅನುಕೂಲ.

ಪವರ್ ಬ್ಯಾಂಕು, ಆಧಾರ್ ಕಾರ್ಡಿನ ಪ್ರತಿ, ಹತ್ತು ಇಪ್ಪತ್ತರ ಚಿಲ್ಲರೆ ನೋಟು, ಮನೆಯವರ ಫೋನ್ ನಂಬರ್ ಬರೆದ ಚೀಟಿ. ಇಷ್ಟೇ. ಇಸ್ತ್ರಿ ಬಟ್ಟೆ, ಎರಡನೇ ಟವೆಲು, ಕೆಜಿಗಟ್ಟಲೆ ಚಕ್ಕುಲಿ, ಕೋಡುಬಳೆ ಮನೆಯಲ್ಲೇ ಇರಲಿ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟರೆ ಮೊದಲ ದಿನವೇ ಎಲ್ಲರಿಗೂ ಹಂಚಿ ಖಾಲಿ ಮಾಡಿ.

ದಾರಿಯಲ್ಲಿ ಒಂದು ದಿನ

ಮೂರೂವರೆಗೆ ಏಳಿ. ಪಾದಕ್ಕೆ, ಬೆರಳ ಸಂದಿಗೆ, ತೊಡೆಸಂದಿಗೆ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ತೊಡೆ ಉಜ್ಜಿ ಉರಿ ಎದ್ದರೆ ಬೊಬ್ಬೆಗಿಂತ ಕಷ್ಟ. ಎಷ್ಟೋ ಜನ ನಾಚಿಕೆಯಿಂದ ಹೇಳದೆ ನರಳುತ್ತಾರೆ. ನಾಲ್ಕಕ್ಕೆ ಹೊರಟರೆ ಎಂಟೂವರೆ, ಒಂಬತ್ತರ ಹೊತ್ತಿಗೆ 16 ಕಿಲೋಮೀಟರ್ ಆಗಿರುತ್ತದೆ. ಅಲ್ಲಿ ತಿಂಡಿ. ಮತ್ತೆ ಎರಡು ಮೂರು ಕಿಲೋಮೀಟರ್ ನಡೆದು, ಹತ್ತೂವರೆ ಒಳಗೆ ನೆರಳು ಹಿಡಿಯಿರಿ. ಸ್ನಾನ, ಬಟ್ಟೆ, ಊಟ, ನಿದ್ದೆ. ನಾಲ್ಕಕ್ಕೆ ಎದ್ದು ಆರೂವರೆ ತನಕ ಉಳಿದ ಆರೇಳು ಕಿಲೋಮೀಟರ್. ಕತ್ತಲಾದ ಮೇಲೆ ನಡೆಯಬೇಡಿ. ಬೆಳಗಿನ ಜಾವದ ಕತ್ತಲೆಗಿಂತ ಸಂಜೆಯ ಕತ್ತಲೆ ಅಪಾಯ. ವಾಹನ ಜಾಸ್ತಿ, ಓಡಿಸುವವರೂ ದಣಿದಿರುತ್ತಾರೆ, ನೀವೂ ದಣಿದಿರುತ್ತೀರಿ.

ರಸ್ತೆಯ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವ ಹಾಗೆ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ನಾಲ್ಕು ಜನ ಸಾಲಾಗಿ ಮಾತಾಡಿಕೊಂಡು ಹೋಗುವುದು ಊರ ರಸ್ತೆಗೆ ಸರಿ, ಹೆದ್ದಾರಿಗೆ ಅಲ್ಲ. ಕಿವಿಗೆ ಇಯರ್‌ಫೋನ್ ಬೇಡ. ತಂಡದ ಮುಂದೆ ಒಬ್ಬರು, ಕೊನೆಗೆ ಒಬ್ಬರು ಅನುಭವಸ್ಥರು ಇರಲಿ. ಕೊನೆಯವರ ಹಿಂದೆ ಯಾರೂ ಉಳಿಯಬಾರದು.

ಪ್ರತಿ ಗಂಟೆಗೆ ಹತ್ತು ನಿಮಿಷ ನಿಲ್ಲಿ, ಶೂ, ಸಾಕ್ಸು ಬಿಚ್ಚಿ, ಕಾಲು ಮೇಲೆತ್ತಿ ಇಡಿ. ಆ ಹಿರಿಯರ ಕ್ರಮ ಇದು. ಹತ್ತು ನಿಮಿಷ ಹಾಳು ಅನಿಸುತ್ತದೆ. ಆದರೆ ಹೀಗೆ ನಿಂತವರೇ ಸಂಜೆ ಮುಂದೆ ಇರುತ್ತಾರೆ.

ನೀರನ್ನು ಬಾಯಾರಿದಾಗ ಗಟಗಟ ಕುಡಿಯುವುದಕ್ಕಿಂತ ಆಗಾಗ ಎರಡೆರಡು ಗುಟುಕು ಕುಡಿಯಿರಿ. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ, ರಾಗಿ ಅಂಬಲಿ ಒಳ್ಳೆಯದು. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಜಾಸ್ತಿ ಬೇಡ. ಮೂತ್ರ ಗಾಢ ಹಳದಿ ಬಂದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಹೆಂಗಸರು ಶೌಚಕ್ಕೆ ಜಾಗ ಸಿಗುವುದಿಲ್ಲ ಅಂತ ನೀರನ್ನೇ ಕಮ್ಮಿ ಮಾಡುತ್ತಾರೆ. ಇದು ತುಂಬಾ ಅಪಾಯ. ದಾರಿಯ ಪೆಟ್ರೋಲ್ ಬಂಕು, ಹೋಟೆಲು, ದೇವಸ್ಥಾನಗಳನ್ನು ಮೊದಲೇ ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ತಂಡದ ಗಂಡಸರು ಅಲ್ಲೆಲ್ಲ ತಾವಾಗಿಯೇ ನಿಲ್ಲಬೇಕು, ಕೇಳಿಸಿಕೊಳ್ಳುವ ತನಕ ಕಾಯಬಾರದು.

ಯಾರಾದರೂ ತಲೆ ಸುತ್ತು, ವಾಂತಿ ಅಂದರೆ ಅಥವಾ ಮಾತು ತೊದಲಿದರೆ ನಡಿಗೆ ಅಲ್ಲಿಗೇ ನಿಲ್ಲಲಿ. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಪ್ರಜ್ಞೆ ಮಂಕಾದರೆ ಕಾಯದೆ 108ಕ್ಕೆ ಫೋನ್ ಮಾಡಿ. ಅಂಥವರಿಗೆ ಬಾಯಿಗೆ ನೀರು ಹಾಕಬೇಡಿ.

ಬೊಬ್ಬೆ ಬಂದರೆ

ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗುತ್ತದೆ, ಚುರುಚುರು ಅನ್ನುತ್ತದೆ. ಆಗಲೇ ನಿಲ್ಲಬೇಕು. ಮುಂದಿನ ಊರಿನಲ್ಲಿ ನೋಡೋಣ ಅನ್ನುವುದೇ ತಪ್ಪು. ಜಾಗ ಒರೆಸಿ, ಒಣಗಿಸಿ, ಕಾಗದದ ಟೇಪನ್ನು ಸುಕ್ಕು ಬಾರದ ಹಾಗೆ ಅಂಟಿಸಿದರೆ ಅಲ್ಲಿಗೇ ನಿಲ್ಲುತ್ತದೆ.

ಎದ್ದೇ ಬಿಟ್ಟರೆ, ಸಣ್ಣದಾದರೆ ಮುಟ್ಟಬೇಡಿ, ಮೇಲೆ ಟೇಪು ಹಾಕಿ. ದೊಡ್ಡದಾಗಿ ಬಿಗಿದು ನಡೆಯಲು ಆಗದಿದ್ದರೆ ಮಾತ್ರ ನೀರು ತೆಗೆಯಿರಿ. ಕೈ ಸೋಪಿನಲ್ಲಿ ತೊಳೆದು, ಬೊಬ್ಬೆಗೆ ಬೆಟಾಡಿನ್ ಹಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ ಚುಚ್ಚಿ, ಮೆಲ್ಲಗೆ ಒತ್ತಿ. ಮೇಲಿನ ಚರ್ಮ ಕೀಳಬೇಡಿ. ಅದೇ ಒಳಗಿನ ಹಸಿ ಚರ್ಮಕ್ಕೆ ಕವಚ. ಮತ್ತೆ ಮುಲಾಮು, ಹತ್ತಿ ಬಟ್ಟೆ, ಟೇಪು. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಡುವವರಿದ್ದಾರೆ. ದಾರದ ಜೊತೆ ಕೊಳೆಯೂ ಒಳಗೆ ಹೋಗುತ್ತದೆ, ಅದು ಬೇಡ. ಸುತ್ತ ಕೆಂಪಾಗಿ, ಬಿಸಿಯಾಗಿ, ಕೀವು ಕಂಡರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಖಾಲಿ ಬಿಟ್ಟ ದಿನ ಈಗ ಬಳಸಿಕೊಳ್ಳಿ.

ಮೂಡಿಗೆರೆಯಿಂದ ಘಾಟಿ ತನಕ

ಬೇಲೂರು ದಾಟಿದ ಮೇಲೆ ನೋಟ ಬದಲಾಗುತ್ತದೆ. ಕಾಫಿ ತೋಟ, ಸಿಲ್ವರ್ ಓಕ್ ಮರ, ತಂಪು. ಕಾಲಿಗೆ ಹಬ್ಬ. ಆದರೆ ಈ ಭಾಗದಲ್ಲಿ ಕಾಡಾನೆ ಓಡಾಟ ಇದೆ. ಬೇಲೂರು, ಮೂಡಿಗೆರೆ ಕಡೆಯ ತೋಟದವರಿಗೆ ಅದು ದಿನನಿತ್ಯದ ಮಾತು. ಇಲ್ಲಿ ನಾಲ್ಕಕ್ಕೆ ಹೊರಡುವ ನಿಯಮ ಬಿಡಿ. ಬೆಳಕು ಹರಿದ ಮೇಲೆ, ಗುಂಪಾಗಿ ಹೊರಡಿ. ಹಿಂದಿನ ರಾತ್ರಿ ಊರಿನವರನ್ನು, ಅರಣ್ಯ ಇಲಾಖೆಯವರನ್ನು ಆನೆ ಎಲ್ಲಿದೆ ಅಂತ ಕೇಳಿ. ತೋಟದೊಳಗಿನ ಅಡ್ಡದಾರಿ ಹಿಡಿಯಬೇಡಿ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯುವುದು ಬಹಳ ಜನರ ಪದ್ಧತಿ. ತಿನ್ನಿ, ತಪ್ಪೇನಿಲ್ಲ. ತಿಂದ ಮೇಲೆ ಶೂ ಲೇಸನ್ನು ಬಿಚ್ಚಿ ಹೊಸದಾಗಿ ಕಟ್ಟಿ. ಬೆರಳ ಕಡೆ ಸಡಿಲ, ಕಣಕಾಲಿನ ಹತ್ತಿರ ಬಿಗಿ. ಆಗ ಪಾದ ಮುಂದಕ್ಕೆ ಜಾರುವುದಿಲ್ಲ. ಕೈಗೆ ಒಂದು ಕೋಲು ಇರಲಿ. ಸಣ್ಣ ಸಣ್ಣ ಹೆಜ್ಜೆ ಇಡಿ, ಮೊಣಕಾಲು ಸ್ವಲ್ಪ ಬಗ್ಗಿರಲಿ, ಓಡಬೇಡಿ. ಇಳಿಜಾರಿನಲ್ಲಿ ಕಾಲು ತಾನಾಗೇ ಓಡುತ್ತದೆ, ಹುಡುಗರಿಗೆ ಖುಷಿಯಾಗುತ್ತದೆ. ಮಾರನೇ ದಿನ ಉಜಿರೆಯಲ್ಲಿ ಮೆಟ್ಟಿಲು ಇಳಿಯಲು ಆಗದೆ ಅವರೇ ಕೂತಿರುತ್ತಾರೆ.

ಘಾಟಿಯಲ್ಲಿ ಬಲಬದಿಯ ನಿಯಮಕ್ಕೆ ಒಂದು ವಿನಾಯಿತಿ ಇದೆ. ಬಂಡೆಗೆ ತಾಗಿಕೊಂಡು ಒಳಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಎದುರಿನ ಚಾಲಕನಿಗೆ ನೀವು ಕಾಣುವುದಿಲ್ಲ. ಅಂಥಲ್ಲಿ ಮೊದಲೇ ನೋಡಿಕೊಂಡು ಹೊರಬದಿಗೆ ದಾಟಿ, ತಿರುವು ಮುಗಿದ ಮೇಲೆ ಮತ್ತೆ ಬಲಕ್ಕೆ ಬನ್ನಿ. ಫೋಟೋಗೆ ಅಂತ ತಡೆಗೋಡೆ ಹತ್ತಬೇಡಿ. ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ವಾಹನದವರೂ ನಿಂತು ಕೈಮುಗಿದು ಹೋಗುತ್ತಾರೆ. ನೀವೂ ಅಲ್ಲಿ ಕೂತು ಶೂ ಬಿಚ್ಚಿ ಕಾಲು ನೋಡಿಕೊಳ್ಳಿ.

ಕೆಳಗೆ ಇಳಿದಂತೆ ಗಾಳಿ ಬೇರೆಯಾಗುತ್ತದೆ. ಬೆವರು ಒಣಗುವುದಿಲ್ಲ, ಅಂಟು ಅಂಟು. ಬಿಸಿಲು ಅಷ್ಟಿಲ್ಲ ಅಂತ ಕಂಡರೂ ಮೈ ಬೇಗ ಸೋಲುತ್ತದೆ. ಚಾರ್ಮಾಡಿ ಊರಿನಿಂದ ಮುಂಡಾಜೆ, ಉಜಿರೆ ತನಕ ನೀರು, ಉಪ್ಪು ಜಾಸ್ತಿ ಮಾಡಿ, ಸಾಕ್ಸು ಇನ್ನೂ ಬೇಗ ಬೇಗ ಬದಲಿಸಿ. ಉಜಿರೆಯಿಂದ ಧರ್ಮಸ್ಥಳ ಒಂಬತ್ತು ಕಿಲೋಮೀಟರ್ ಅಷ್ಟೇ. ಬಂದೇ ಬಿಟ್ಟೆವು ಅಂತ ಎಲ್ಲರೂ ಇಲ್ಲಿ ವೇಗ ಹೆಚ್ಚಿಸುತ್ತಾರೆ. ಬೇಡ. ಅದೇ ನಿಧಾನ, ಅದೇ ಹತ್ತು ನಿಮಿಷದ ಬಿಡುವು ಇರಲಿ.

ತಲುಪಿದ ಮೇಲೆ

ನೇತ್ರಾವತಿ ಸ್ನಾನಘಟ್ಟದಲ್ಲಿ ಒಡೆದ ಬೊಬ್ಬೆ ಇದ್ದವರು ಕಾಲನ್ನು ಬಹಳ ಹೊತ್ತು ನೀರಲ್ಲಿ ನೆನೆಸಬೇಡಿ. ಬೇಗ ಮಿಂದು, ಒಣಗಿಸಿ, ಹೊಸ ಟೇಪು ಹಾಕಿ. ದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ಬರಿಗಾಲಲ್ಲಿ ನಿಲ್ಲಬೇಕಾಗುತ್ತದೆ, ಅದಕ್ಕೂ ಕಾಲು ತಯಾರಾಗಿರಬೇಕು. ಮಂಜುನಾಥನ ಮುಂದೆ ನಿಂತಾಗ ಆ ನೋವೆಲ್ಲ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಅನ್ನಪೂರ್ಣ ಛತ್ರದಲ್ಲಿ ಊಟಕ್ಕೆ ಕೂತಾಗ ಮತ್ತೆ ಬರುತ್ತದೆ.

ವಾಪಸ್ ಬಸ್ಸಿನ ಟಿಕೆಟ್ಟನ್ನು ಹೊರಡುವ ಮೊದಲೇ ಮಾಡಿಸಿ. ಶಿವರಾತ್ರಿಯ ಮಾರನೇ ದಿನ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸ್ಸಿನಲ್ಲಿ ಗಂಟೆಗೊಮ್ಮೆ ಕಣಕಾಲು ಆಡಿಸಿ, ನಿಂತ ಕಡೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಮನೆಗೆ ಬಂದ ಮೇಲೆ ಎರಡು ಮೂರು ದಿನ ಪೂರ್ತಿ ಮಲಗಿಬಿಡದೆ ದಿನಾ ಅರ್ಧ ಗಂಟೆ ಮೆಲ್ಲಗೆ ಓಡಾಡಿ. ಒಂದೇ ಕಾಲು ಊದಿ, ಮೀನಖಂಡ ಮುಟ್ಟಿದರೆ ನೋವು ಅಂದರೆ ಅಂದೇ ಡಾಕ್ಟರ ಹತ್ತಿರ ಹೋಗಿ.

ಬ್ಯಾಗು ಖಾಲಿ ಮಾಡುವಾಗ ಎರಡು ಗುಡ್ಡೆ ಮಾಡಿ. ಬಳಸಿದ್ದು ಒಂದು ಕಡೆ, ಮುಟ್ಟದೇ ವಾಪಸ್ ತಂದದ್ದು ಒಂದು ಕಡೆ. ಎರಡನೇ ಗುಡ್ಡೆಯಲ್ಲಿ ಔಷಧಿ ಬಿಟ್ಟು ಉಳಿದದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದು, ಆ ಕಾಗದವನ್ನು ಬ್ಯಾಗಿನ ಒಳಗೇ ಇಟ್ಟು ಜಿಪ್ಪು ಎಳೆಯಿರಿ. ಮುಂದಿನ ವರ್ಷ ಬ್ಯಾಗು ತೆಗೆದಾಗ ಮೊದಲು ಕೈಗೆ ಸಿಗುವುದು ಅದೇ ಆಗಿರಲಿ.